ಕಾರಿನ ದೋಷಸಂಕೇತಗಳನ್ನು ಓದುವ ಉಪಕರಣ: ಗೃಹಬಳಕೆಗೆ ಆಯ್ಕೆಯ ವಿಚಾರ

ಈಚಿನ ಪೆಟ್ರೋಲ್ ಅಥವಾ ಡೀಸೆಲ್ ಕಾರುಗಳಲ್ಲಿ, ಸ್ಟೀರಿಂಗ್ ಚಕ್ರದ ಕೆಳಗಡೆ, ಚಾಲಕನ ಮೊಣಕಾಲಿಗೆ ಸಮೀಪವಾಗಿ, ಹದಿನಾರು ಪಿನ್ನುಗಳ ಒಂದು ಸಣ್ಣ ಸಾಕೆಟ್ಟು ಇರುತ್ತದೆ. ಹತ್ತಾರು ವರ್ಷ ಕಾರು ಓಡಿಸಿದವರಲ್ಲಿಯೂ ಅದನ್ನು ಕಣ್ಣಾರೆ ಕಂಡವರು ವಿರಳ. ಎಂಜಿನ್ನಿನ ಆಕೃತಿಯ ಹಳದಿ ದೀಪ ಹೊತ್ತಿಕೊಂಡಾಗ ವರ್ಕ್‌ಷಾಪಿನವರು ತಮ್ಮ ಸ್ಕ್ಯಾನರನ್ನು ಮೊದಲು ಜೋಡಿಸುವುದು ಅಲ್ಲಿಗೇ. ಅದೇ ಕೆಲಸವನ್ನು ಮಾಡುವೆವೆಂದು ಹೇಳಿಕೊಳ್ಳುವ ಉಪಕರಣಗಳು ಇಂದು ಕೆಲವು ನೂರು ರೂಪಾಯಿಗಳಿಂದ ಮೊದಲುಗೊಂಡು ಲಕ್ಷದವರೆಗಿನ ಬೆಲೆಗಳಲ್ಲಿ ದೊರೆಯುತ್ತವೆ. ಸಂಬಳದಲ್ಲಿ ಸಂಸಾರ ನಡೆಸುವ ಅಧ್ಯಾಪಕನೊಬ್ಬನು ಮನೆಯಲ್ಲಿಟ್ಟುಕೊಳ್ಳಲು ಇವುಗಳಲ್ಲಿ ಯಾವುದನ್ನು ಕೊಳ್ಳುವುದು ಉಚಿತ, ಯಾವುದಕ್ಕೆ ಹಣ ತೆರಬೇಕಾದುದಿಲ್ಲ ಎಂಬುದೇ ಪ್ರಕೃತ ಲೇಖನದ ವಿಷಯ.

ಇತಿಹಾಸ ವಿಭಾಗದ ವಾರ್ಷಿಕದಲ್ಲಿ ಇಂತಹ ವಿಷಯಕ್ಕೆ ಎಡೆಯುಂಟೇ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ಉಪಕರಣ ಗೃಹಸ್ಥನ ಕೈಗೆಟುಕುವಂತಾದುದು ಎಂಜಿನಿಯರುಗಳ ಔದಾರ್ಯದಿಂದಲ್ಲ, ಒಂದು ಕಾನೂನಿನಿಂದ. ಮತ್ತು ಅದು ಓದುವುದು ಒಂದು ದಾಖಲೆಯನ್ನು. ಶಾಸನವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಕಾನೂನು, ಬರೆದಿಟ್ಟ ಲೇಖ ಎಂಬ ಎರಡು ಅರ್ಥಗಳೂ ಉಂಟಷ್ಟೆ. ಎರಡೂ ನಮ್ಮ ಅಭ್ಯಾಸಕ್ಕೆ ಹೊರಗಿನವಲ್ಲ. ಅಗ್ಗದ ಸ್ಕ್ಯಾನರು ಏನನ್ನು ಓದಬಲ್ಲುದು, ಏನನ್ನು ಓದಲಾರದು ಎಂಬುದರ ಎಲ್ಲೆ ಆ ಕಾನೂನಿನ ಎಲ್ಲೆಯೇ ಆಗಿರುವುದರಿಂದ, ಅದರ ವೃತ್ತಾಂತವನ್ನು ಅರಿಯದೆ ಅಂಗಡಿಗೆ ಹೋದವನು ಬೇಡದುದಕ್ಕೆ ಹಣ ಕೊಟ್ಟು ಬೇಕಾದುದನ್ನು ಬಿಟ್ಟು ಬರುವ ಸಂಭವವೇ ಹೆಚ್ಚು. ನಾವು ಮೊದಲ ಸಲ ಮಾಡಿದುದು ಹಾಗೆಯೇ.

1943ರ ಬೇಸಗೆಯಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ದಟ್ಟವಾದ ಹೊಗೆಮಂಜು ಕವಿಯಿತು. ಕಾರ್ಖಾನೆಗಳೇ ಇದಕ್ಕೆ ಕಾರಣವೆಂದು ಜನ ಮೊದಲು ನಂಬಿದ್ದರು. ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರೀ ಹಾಗೆನ್-ಸ್ಮಿಟ್ ಅವರು, ಮೋಟಾರು ವಾಹನಗಳೂ ತೈಲ ಸಂಸ್ಕರಣಾಗಾರಗಳೂ ಹೊರಬಿಡುವ ಹೈಡ್ರೋಕಾರ್ಬನ್ನುಗಳು ನೈಟ್ರೋಜನ್ ಆಕ್ಸೈಡುಗಳೊಡನೆ ಸೂರ್ಯನ ಬೆಳಕಿನಲ್ಲಿ ವರ್ತಿಸಿ ಓಜೋನನ್ನು ಉಂಟುಮಾಡುತ್ತವೆಂಬುದನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1967ರ ಕಾನೂನಿನಿಂದ ಹುಟ್ಟಿದ ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಲಿಗೆ ಅವರೇ ಪ್ರಥಮ ಅಧ್ಯಕ್ಷರಾದರು. ಹೊಸ ಕಾರಿನ ಹೊಗೆಯನ್ನು ಕಾರ್ಖಾನೆಯಲ್ಲೇ ಅಳೆದು ಕಟ್ಟುಪಾಡು ವಿಧಿಸುವುದು ಸುಲಭ. ಅದೇ ಕಾರು ಐದಾರು ವರ್ಷ ಓಡಿದ ಮೇಲೆ, ಒಳಗಿನ ಒಂದು ಭಾಗ ಕೆಟ್ಟು, ಚಾಲಕನಿಗೆ ಏನೂ ತಿಳಿಯದ ಹಾಗೆ ವಿಷವನ್ನು ಉಗುಳುತ್ತ ತಿರುಗಿದರೆ ಅದನ್ನು ಹಿಡಿಯುವ ಬಗೆ ಯಾವುದು? ಕಾರೇ ತನ್ನನ್ನು ತಾನು ಕಾವಲು ಕಾಯಬೇಕು, ದೋಷ ಕಂಡೊಡನೆ ದೀಪ ಹೊತ್ತಿಸಬೇಕು, ಕಂಡುದನ್ನು ಬರೆದಿಡಬೇಕು ಎಂದು ಮಂಡಲಿ ನಿರ್ಣಯಿಸಿತು. 1988ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯದಲ್ಲಿ ಈ ನಿಯಮ ಜಾರಿಗೆ ಬಂದಿತು.

ಆದರೆ ಆ ಮೊದಲ ಘಟ್ಟದಲ್ಲಿ ಪ್ರತಿಯೊಬ್ಬ ತಯಾರಕನದೂ ಬೇರೆ ಸಾಕೆಟ್ಟು, ಬೇರೆ ಭಾಷೆ. ಕೆಲವು ಕಾರುಗಳಲ್ಲಿ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿ, ಡ್ಯಾಷ್‌ಬೋರ್ಡಿನ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ ಸಂಕೇತವನ್ನು ತಿಳಿಯಬೇಕಾಗಿತ್ತು. ಈ ಗೊಂದಲಕ್ಕೆ ಕೊನೆ ಹಾಡಿದುದು 1990ರಲ್ಲಿ ತಿದ್ದುಪಡಿಯಾದ ಅಮೆರಿಕದ ಶುದ್ಧವಾಯು ಕಾನೂನು. ಸಾಕೆಟ್ಟು ಎಲ್ಲ ಕಾರುಗಳಲ್ಲಿಯೂ ಏಕರೂಪವಾಗಿರಬೇಕು. ಹೊಗೆಯ ನಿಯಂತ್ರಣಕ್ಕೆ ಸಂಬಂಧಿಸಿದ ಮಾಹಿತಿಯನ್ನು ಅದರ ಮೂಲಕ ಪಡೆಯಲು ಯಾವ ಗುಪ್ತಸಂಖ್ಯೆಯೂ, ತಯಾರಕನಲ್ಲಿ ಮಾತ್ರವೇ ದೊರೆಯುವ ಯಾವ ಉಪಕರಣವೂ ಬೇಕಾಗಕೂಡದು ಎಂದು ಅದು ವಿಧಿಸಿತು. 1996ರ ಮಾದರಿಯಿಂದ ಅಲ್ಲಿನ ಎಲ್ಲ ಹೊಸ ಕಾರುಗಳೂ ಈ ಎರಡನೆಯ ಘಟ್ಟದ ವ್ಯವಸ್ಥೆಯನ್ನು, ಅಂದರೆ ಒಬಿಡಿ-2 ಎಂದು ಈಗ ಎಲ್ಲರೂ ಕರೆಯುವುದನ್ನು, ಪಡೆದವು. ಕಾನೂನಿನ ಆ ಕೆಲವೇ ಸಾಲುಗಳು ಇಲ್ಲದೆ ಹೋಗಿದ್ದರೆ ಇಂದು ಎರಡು ಸಾವಿರ ರೂಪಾಯಿಗೆ ಸ್ಕ್ಯಾನರು ದೊರೆಯುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಯೂರೋಪು 2001ರಿಂದ ಪೆಟ್ರೋಲ್ ಕಾರುಗಳಿಗೂ 2004ರಿಂದ ಡೀಸೆಲ್ ಕಾರುಗಳಿಗೂ ಇದೇ ಬಗೆಯ ವ್ಯವಸ್ಥೆಯನ್ನು ಕಡ್ಡಾಯಮಾಡಿತು. ಭಾರತ ಅನುಸರಿಸಿದುದು ಯೂರೋಪಿನ ದಾರಿಯನ್ನು. ಬಿಎಸ್-4 ನಿಯಮಗಳೊಡನೆ 2010ರ ಏಪ್ರಿಲ್‌ನಲ್ಲಿ ಒಬಿಡಿಯ ಮೊದಲ ಘಟ್ಟವೂ 2013ರ ಏಪ್ರಿಲ್‌ನಲ್ಲಿ ಎರಡನೆಯ ಘಟ್ಟವೂ ನಮ್ಮಲ್ಲಿ ಬಂದವು. ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಬಿಎಸ್-4 ಮೊದಲು ಜಾರಿಯಾದುದು ದೆಹಲಿ ಪ್ರದೇಶದಲ್ಲಿ ಮತ್ತು ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಲ್ಲಿ ಮಾತ್ರ. ಇಡೀ ದೇಶಕ್ಕೆ ಅದು ವ್ಯಾಪಿಸಿದುದು 2017ರ ಏಪ್ರಿಲ್‌ನಲ್ಲಿ. ಆದ್ದರಿಂದ 2014ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಕಾರಿಗೂ ಅದೇ ವರ್ಷ ದೂರದ ಜಿಲ್ಲೆಯೊಂದರಲ್ಲಿ ನೋಂದಣಿಯಾದ ಕಾರಿಗೂ ವ್ಯತ್ಯಾಸವಿರಬಹುದು. ಸಾಕೆಟ್ಟಿನ ಆಕಾರ ಒಂದೇ ಆಗಿದ್ದ ಮಾತ್ರಕ್ಕೆ ಒಳಗಿನ ಭಾಷೆಯೂ ಒಂದೇ ಎಂದು ತಿಳಿಯಕೂಡದು. 2010ರಿಂದ 2017ರವರೆಗಿನ ಕಾರುಳ್ಳವರು ಸ್ಕ್ಯಾನರಿಗೆ ಹಣ ತೆರುವ ಮುನ್ನ ಆರ್.ಸಿ.ಯಲ್ಲಿ ಬಿಎಸ್ ಎಷ್ಟೆಂದು ನಮೂದಾಗಿದೆಯೋ ನೋಡಿಕೊಳ್ಳುವುದು ಕ್ಷೇಮ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಕಾರುಗಳ ವಿಷಯದಲ್ಲಿ ಈ ಸಂದೇಹವಿಲ್ಲ.

ಇನ್ನು ಕಾನೂನಿನ ಎಲ್ಲೆಯ ಮಾತು. ಶಾಸಕರ ದೃಷ್ಟಿ ಇದ್ದುದು ಗಾಳಿಯ ಮೇಲೆ. ಕಾರಿನ ಒಡೆಯನ ಅನುಕೂಲದ ಮೇಲಲ್ಲ. ಆದಕಾರಣ ಎಂಜಿನ್ನು, ಇಂಧನ, ಹೊಗೆ ಇವುಗಳಿಗೆ ಸಂಬಂಧಿಸಿದುದು ತೆರೆದ ಪುಸ್ತಕವಾಯಿತು. ಏರ್‌ಬ್ಯಾಗು, ಎಬಿಎಸ್ ಬ್ರೇಕು, ಬಾಗಿಲಿನ ಬೀಗ, ಕಳವು ತಡೆಯುವ ಕೀಲಿ ಮೊದಲಾದುವು ತಯಾರಕರ ಬೀಗಮುದ್ರೆಯಲ್ಲಿಯೇ ಉಳಿದವು. ಸಂಕೇತಗಳ ಮೊದಲ ಅಕ್ಷರವೇ ಇದನ್ನು ಸೂಚಿಸುತ್ತದೆ: ಎಂಜಿನ್ನು ಮತ್ತು ಗೇರುಪೆಟ್ಟಿಗೆಯವು 'ಪಿ', ಚಾಸಿಯವು 'ಸಿ', ಬಾಡಿಯವು 'ಬಿ', ಕಂಪ್ಯೂಟರುಗಳ ಪರಸ್ಪರ ಸಂಪರ್ಕದವು 'ಯು'. ಅಕ್ಷರದ ಮುಂದಿನ ಅಂಕಿ 0 ಆಗಿದ್ದರೆ ಅದು ಎಲ್ಲ ಕಾರುಗಳಿಗೂ ಸಮಾನವಾದ ಸಂಕೇತ. 1 ಆಗಿದ್ದರೆ ತಯಾರಕನ ಸ್ವಂತದ್ದು. ಅಗ್ಗದ ಸ್ಕ್ಯಾನರು ನಂಬಿಕೆಗೆ ತಕ್ಕಂತೆ ಓದುವುದು 'ಪಿ0' ಎಂದು ಆರಂಭವಾಗುವವನ್ನು. 'ಪಿ1' ಬಂದರೆ ಸಂಖ್ಯೆಯನ್ನು ತೋರಿಸಿಯಾದರೂ ತೋರಿಸೀತು, ಅರ್ಥವನ್ನು ಬೇರೆಡೆ ಹುಡುಕಬೇಕು. ಎಬಿಎಸ್ ದೀಪವೋ ಏರ್‌ಬ್ಯಾಗ್ ದೀಪವೋ ಹೊತ್ತಿದರೆ ಅದು ಬಹುಮಟ್ಟಿಗೆ ಮೌನವಾಗಿರುತ್ತದೆ. ಡಬ್ಬಿಯ ಮೇಲೆ 'ಎಲ್ಲ ಕಾರುಗಳಿಗೂ' ಎಂದು ಅಚ್ಚಾಗಿರುವುದು ಸುಳ್ಳಲ್ಲ. ಆದರೆ ಎಲ್ಲ ಭಾಗಗಳಿಗೂ ಎಂದು ಅದರ ಅರ್ಥವಲ್ಲ.

ಈ ಬೀಗಮುದ್ರೆಯ ಪ್ರಶ್ನೆ ನಮ್ಮ ದೇಶದಲ್ಲಿಯೂ ವಿಚಾರಣೆಗೆ ಬಂದುದುಂಟು. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ದೊರೆಯಗೊಡಲಿಲ್ಲವೆಂಬ ಕಾರಣಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಹದಿನಾಲ್ಕು ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮಿಕ್ಕಿದ ದಂಡವನ್ನು ವಿಧಿಸಿತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿದುದರಿಂದ ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ವಿದ್ಯುತ್ ಕಾರುಗಳನ್ನು ಕುರಿತು ಒಂದೇ ಮಾತು: ಹೊಗೆಯಿಲ್ಲದ ಕಡೆ ಹೊಗೆಯ ಕಾನೂನಿಗೆ ಕೆಲಸವಿಲ್ಲವಾದ್ದರಿಂದ, ಈ ಸ್ಕ್ಯಾನರುಗಳಿಂದ ಅವುಗಳ ಒಡೆಯರಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಹಾಗಾದರೆ ತೆರೆದ ಪುಸ್ತಕದಲ್ಲಿ ಏನೇನಿದೆ? ಸಾಮಾನ್ಯವಾಗಿ ಜನ ತಿಳಿದಿರುವುದು ಸಂಕೇತವೊಂದನ್ನೇ. ಪಿ0420 ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 'ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಗೊತ್ತಾದ ಮಿತಿಗಿಂತ ಕೆಳಗಿದೆ' ಎಂಬುದು ಅದರ ಅರ್ಥ. ಸೈಲೆನ್ಸರಿನ ಕೊಳವೆಯಲ್ಲಿ ಎಂಜಿನ್ನಿನ ಕಡೆಗೆ ಇರುವ ಈ ಕನ್ವರ್ಟರಿನೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುವುದರಿಂದ ಅದನ್ನು ಬದಲಾಯಿಸುವುದು ದುಬಾರಿಯ ಕೆಲಸ. ಆದರೆ ಕಾರಿನ ಕಂಪ್ಯೂಟರು ಕನ್ವರ್ಟರನ್ನು ಕಂಡಿಲ್ಲ. ಅದರ ಮುಂದೆ ಒಂದು, ಹಿಂದೆ ಒಂದು ಇರುವ ಆಕ್ಸಿಜನ್ ಸೆನ್ಸರುಗಳ ಹೇಳಿಕೆಗಳನ್ನು ಹೋಲಿಸಿ, ಎರಡೂ ಒಂದೇ ಬಗೆಯಾಗಿ ಏರಿಳಿಯುತ್ತಿದ್ದರೆ ನಡುವಿನ ಕನ್ವರ್ಟರು ಕೆಲಸಮಾಡುತ್ತಿಲ್ಲವೆಂದು ಊಹಿಸಿದೆ, ಅಷ್ಟೆ. ಕೊಳವೆಯ ಕೀಲಿನಲ್ಲಿ ಗ್ಯಾಸ್ಕೆಟ್ ಸೋರಿ ಹೊರಗಾಳಿ ಒಳನುಗ್ಗಿದರೂ, ಹಿಂದಿನ ಸೆನ್ಸರು ಕೆಟ್ಟಿದ್ದರೂ ಇದೇ ಸಂಕೇತ ಬರಬಹುದು. ಸಂಕೇತ ಒಬ್ಬ ಸಾಕ್ಷಿಯ ಹೇಳಿಕೆ, ತೀರ್ಪಲ್ಲ. ಒಂದೇ ಶಾಸನದ ಬಲದಿಂದ ರಾಜ್ಯದ ಗಡಿಯನ್ನು ಎಳೆಯಹೊರಟ ವಿದ್ಯಾರ್ಥಿಯನ್ನು ತಡೆಯುವ ನಾವು, ನಾಲ್ಕು ಅಂಕಿಗಳ ಬಲದಿಂದ ಕನ್ವರ್ಟರು ಬದಲಾಯಿಸಲು ಒಪ್ಪಿಬಿಡುವುದು ವಿಚಿತ್ರವೇ ಸರಿ.

ಸಾಕ್ಷಿಯ ಹೇಳಿಕೆಯನ್ನು ಪರಿಶೀಲಿಸಲು ಬೇಕಾದ ಪೂರಕ ದಾಖಲೆಗಳನ್ನೂ ಅದೇ ನಿಯಮಗಳು ತೆರೆದಿಟ್ಟಿವೆ. ಸ್ಕ್ಯಾನರಿನ ಯೋಗ್ಯತೆಯನ್ನು ನಾವು ಅಳೆಯಬೇಕಾದುದು ಇವುಗಳಿಂದ. ಮೊದಲನೆಯದು 'ಫ್ರೀಜ್ ಫ್ರೇಮ್'. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು, ಕಾರಿನ ವೇಗವೆಷ್ಟು, ರೇಡಿಯೇಟರಿನ ನೀರಿನ ಉಷ್ಣತೆಯೆಷ್ಟು, ಎಂಜಿನ್ನಿನ ಮೇಲಿನ ಭಾರವೆಷ್ಟು ಎಂಬುದರ ಚಿತ್ರ ಅದು. ಮುಂಜಾನೆ ತಣ್ಣನೆಯ ಎಂಜಿನ್ನಿನಲ್ಲಿ ಬಂದ ದೋಷವೋ, ಘಾಟಿ ಏರುವಾಗ ಬಂದ ದೋಷವೋ ಎಂಬುದನ್ನು ಮೆಕ್ಯಾನಿಕ್ಕಿಗೆ ಹೇಳಬಲ್ಲವನು ಅರ್ಧ ಕೆಲಸವನ್ನು ಮುಗಿಸಿದಂತೆ. ಎರಡನೆಯದು ಇನ್ನೂ ದೃಢಪಡದ ಸಂಕೇತಗಳು. ಅನೇಕ ದೋಷಗಳು ಒಂದರ ಹಿಂದೊಂದು ಎರಡು ಪ್ರಯಾಣಗಳಲ್ಲಿ ಕಂಡುಬಂದ ಹೊರತು ದೀಪ ಹೊತ್ತುವುದಿಲ್ಲ; ಮೊದಲನೆಯ ಸಲದ ಅನುಮಾನವನ್ನು ಕಂಪ್ಯೂಟರು ಪ್ರತ್ಯೇಕವಾಗಿ ಬರೆದಿಟ್ಟಿರುತ್ತದೆ.

ಮೂರನೆಯದು, ಎಂಜಿನ್ನು ನಡೆಯುತ್ತಿರುವಾಗಲೇ ಸೆನ್ಸರುಗಳು ಕೊಡುತ್ತಿರುವ ಅಂಕಿಗಳು, ಅಂದರೆ 'ಲೈವ್ ಡೇಟಾ'. ಇದರ ಬೆಲೆಯನ್ನು ಪಿ0171ರಿಂದ ತಿಳಿಯಬಹುದು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಮೆಯಾಗಿದೆ ಎಂಬುದು ಆ ಸಂಕೇತದ ಅರ್ಥ. ಕೊರತೆಯನ್ನು ತುಂಬಲು ಕಂಪ್ಯೂಟರು ಶೇಕಡಾ ಎಷ್ಟು ಇಂಧನವನ್ನು ಹೆಚ್ಚಾಗಿ ಕೊಡುತ್ತಿದೆಯೆಂಬುದು 'ಫ್ಯೂಯಲ್ ಟ್ರಿಮ್' ಎಂಬ ಹೆಸರಿನಲ್ಲಿ ಕಾಣುತ್ತದೆ. ಒಳಬರುವ ಗಾಳಿಯ ಹರಿವನ್ನು ಅಳೆಯುವ ಸೆನ್ಸರುಳ್ಳ ಎಂಜಿನ್ನಿನಲ್ಲಿ, ನಿಂತಲ್ಲೇ ನಡೆಯುವಾಗ ಅದು ಶೇಕಡಾ 20ರಷ್ಟಿದ್ದು, ಆಕ್ಸಿಲರೇಟರು ಒತ್ತಿ 2,500 ಸುತ್ತಿಗೆ ಏರಿಸಿದಾಗ ಐದರ ಸಮೀಪಕ್ಕೆ ಇಳಿದರೆ, ಸೆನ್ಸರನ್ನು ದಾಟಿದ ಮೇಲೆ ಎಲ್ಲಿಯೋ ರಬ್ಬರು ಕೊಳವೆ ಬಿರಿದು ಗಾಳಿ ಸೇರುತ್ತಿದೆಯೆಂದು ಶಂಕಿಸಬಹುದು. ಒಳಬರುವ ಗಾಳಿ ಸ್ವಲ್ಪವಿರುವಾಗಲೇ ಸೋರಿಕೆಯ ಪಾಲು ದೊಡ್ಡದಾಗಿ ತೋರುವುದು ಸಹಜ. ಅದಕ್ಕೆ ಬದಲಾಗಿ, ಭಾರ ಹೆಚ್ಚಿದಂತೆ ಅಂಕಿಯೂ ಏರುತ್ತ ಹೋದರೆ ಪೆಟ್ರೋಲ್ ಪಂಪಿನ ಬಲ ಕುಂದಿದೆಯೇ, ಫಿಲ್ಟರು ಕಟ್ಟಿದೆಯೇ, ಗಾಳಿಯ ಸೆನ್ಸರಿಗೆ ಕೊಳೆ ಹತ್ತಿದೆಯೇ ಎಂದು ನೋಡಬೇಕು. ಒಂದೇ ಸಂಕೇತ, ಒಂದಕ್ಕೆ ಕೊಳವೆಯ ತುಂಡು ಸಾಕು, ಇನ್ನೊಂದಕ್ಕೆ ಪಂಪು ಬೇಕು. ಸಂಕೇತವನ್ನು ಮಾತ್ರ ತೋರಿಸುವ ಉಪಕರಣ ಈ ಭೇದವನ್ನು ಹೇಳಲಾರದು.

ನಾಲ್ಕನೆಯದರ ಮಹತ್ವ ನಮಗೆ ತಿಳಿದುದು ಒಂದು ಪ್ರಸಂಗದಿಂದ. ನಮ್ಮ ಸಹೋದ್ಯೋಗಿಗಳೊಬ್ಬರು ಭವಿಷ್ಯನಿಧಿಯಿಂದ ಹಣ ತೆಗೆದು ಹಳೆಯ ಕಾರೊಂದನ್ನು ಕೊಳ್ಳಲು ನಿಶ್ಚಯಿಸಿದ್ದರು. ಕಾರು ನೋಡಲು ಚೆನ್ನಾಗಿತ್ತು, ದೀಪ ಹೊತ್ತಿರಲಿಲ್ಲ. ನಮ್ಮ ಮೊದಲ ಉಪಕರಣವನ್ನು, ಕೆಲವು ನೂರು ರೂಪಾಯಿಗೆ ಕೊಂಡ ಬ್ಲೂಟೂತ್ ಅಡಾಪ್ಟರನ್ನು, ಜೋಡಿಸಿದಾಗ 'ದೋಷವಿಲ್ಲ' ಎಂದು ಬಂದಿತು. ಮುಂದಿನದನ್ನು ಕೇಳಿದರೆ ಅದು ಉತ್ತರ ಕೊಡದೆ ಸಂಪರ್ಕವನ್ನೇ ಕಡಿದುಕೊಂಡಿತು. ಸಂಜೆ ಮತ್ತೊಬ್ಬರಿಂದ ಸ್ವಂತ ಪರದೆಯುಳ್ಳ ಸ್ಕ್ಯಾನರನ್ನು ಎರವಲು ತಂದು ನೋಡಿದೆವು. ಕಾರಿನ ಕಂಪ್ಯೂಟರು ಕನ್ವರ್ಟರು, ಆಕ್ಸಿಜನ್ ಸೆನ್ಸರು ಮೊದಲಾದ ಒಂದೊಂದು ಭಾಗದ ಸ್ವಯಂಪರೀಕ್ಷೆಯನ್ನೂ ಮುಗಿಸಿದೆಯೇ ಇಲ್ಲವೇ ಎಂಬುದನ್ನು 'ರೆಡಿನೆಸ್' ಎಂಬ ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಸಂಕೇತಗಳನ್ನು ಅಳಿಸಿದರೆ ಈ ಪಟ್ಟಿಯೂ ಅಳಿಸಿಹೋಗಿ, ಕಾರು ಬಗೆಬಗೆಯಾಗಿ ಓಡಿದ ಮೇಲೆ ಮಾತ್ರ ಮತ್ತೆ ತುಂಬಿಕೊಳ್ಳುತ್ತದೆ. ಅಂದು ಆ ಪಟ್ಟಿಯಲ್ಲಿ ಕನ್ವರ್ಟರಿನ ಪರೀಕ್ಷೆಯೂ ಸೆನ್ಸರಿನ ಪರೀಕ್ಷೆಯೂ ಅಪೂರ್ಣವೆಂದಿದ್ದವು. ಅದರ ಕೆಳಗೆ ಇನ್ನೊಂದು ಸಾಲು: ಸಂಕೇತಗಳನ್ನು ಅಳಿಸಿದಂದಿನಿಂದ ಓಡಿದ ದೂರ 14 ಕಿಲೋಮೀಟರು.

ಬರೆದುದನ್ನು ಒರೆಸಿದವರು ಒರೆಸಿದ ದಿನವನ್ನು ಒರೆಸಲು ಮರೆತಿದ್ದರು. ಅಥವಾ ಅದು ಅವರಿಗೆ ಸಾಧ್ಯವಿರಲಿಲ್ಲ. ಆದರೂ ನಾವು ಆತುರಪಡಲಿಲ್ಲ. ಬ್ಯಾಟರಿಯನ್ನು ಬಿಚ್ಚಿ ಹಾಕಿದರೂ ಹಲವು ಕಾರುಗಳಲ್ಲಿ ಹೀಗೆಯೇ ಆಗುವುದುಂಟು. ಮಾರುವವರೂ ಬ್ಯಾಟರಿ ಹೊಸದಾಗಿ ಹಾಕಿಸಿದೆವೆಂದೇ ಹೇಳಿದರು. ಬಾನೆಟ್ಟು ತೆಗೆದು ನೋಡಿದರೆ ಬ್ಯಾಟರಿಯ ಮೇಲಿನ ತಾರೀಖು ಮೂರು ವರ್ಷ ಹಳೆಯದು. 'ಮೂರು ದಿನ ಓಡಿಸಿ ನೋಡಿ, ಪಟ್ಟಿ ತುಂಬಿದ ಮೇಲೆ ಹಣ ಕೊಡುತ್ತೇವೆ ಸ್ವಾಮಿ' ಎಂದು ನಮ್ಮ ಸಹೋದ್ಯೋಗಿಗಳು ವಿನಯದಿಂದಲೇ ಕೇಳಿದರು. ಅವರು ಒಪ್ಪಲಿಲ್ಲ, ಇವರು ಕೊಳ್ಳಲಿಲ್ಲ. ಆ ಕಾರಿನಲ್ಲಿ ಇದ್ದ ದೋಷವೇನೆಂಬುದು ಇಂದಿಗೂ ನಮಗೆ ತಿಳಿಯದು.

ಈ ಹಿನ್ನೆಲೆಯಲ್ಲಿ ಪೇಟೆಯ ಸರಕನ್ನು ನೋಡೋಣ. ಅತ್ಯಂತ ಅಗ್ಗವಾದುದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಮೊಬೈಲಿನೊಡನೆ ಮಾತನಾಡುವ ಅಡಾಪ್ಟರು. ಇವುಗಳಲ್ಲಿ ಬಹುಪಾಲಿನ ಮೇಲೆ 'ಇಎಲ್‌ಎಂ 327' ಎಂಬ ಹೆಸರಿರುತ್ತದೆ. ಆ ಹೆಸರಿನ ಚಿಪ್ಪನ್ನು ತಯಾರಿಸಿದುದು ಕೆನಡದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಸಂಸ್ಥೆ. ಮೊದಲ ಆವೃತ್ತಿಯಲ್ಲಿ ನಕಲನ್ನು ತಡೆಯುವ ಏರ್ಪಾಡು ಇಲ್ಲದಿದ್ದುದರಿಂದ ಅದರ ಪ್ರತಿಗಳು ಜಗತ್ತನ್ನೆಲ್ಲ ತುಂಬಿದವು. ಮೂಲ ಸಂಸ್ಥೆ 2022ರಲ್ಲಿ ಮುಚ್ಚಿತು. ಪ್ರತಿಗಳು ಮಾತ್ರ ಬರುತ್ತಲೇ ಇವೆ. 'ಆವೃತ್ತಿ 2.1' ಎಂಬ ಮುದ್ರೆ ಹೊತ್ತ ಅನೇಕ ಪ್ರತಿಗಳು ಹಳೆಯದಕ್ಕೆ ತಿಳಿದಿದ್ದ ಆಜ್ಞೆಗಳನ್ನೂ ಅರಿಯವು. ಹಸ್ತಪ್ರತಿಗಳಲ್ಲಿ ಈಚಿನ ಪ್ರತಿಯೇ ಹೆಚ್ಚು ಭ್ರಷ್ಟವಾಗಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಇನ್ನೊಂದು ಕೊರತೆ: ಈಚಿನ ಕಾರುಗಳು ಸಾಕೆಟ್ಟಿನ 6 ಮತ್ತು 14ನೆಯ ಪಿನ್ನುಗಳಲ್ಲಿ 'ಕ್ಯಾನ್' ಎಂಬ ಭಾಷೆಯನ್ನು ಆಡುತ್ತವೆ, ಹಳೆಯವು ಕೆಲವು 7ನೆಯ ಪಿನ್ನಿನಲ್ಲಿ ಬೇರೆ ಭಾಷೆಯನ್ನು. ಅತಿ ಅಗ್ಗದ ಕೆಲವು ಅಡಾಪ್ಟರುಗಳಿಗೆ ಎರಡನೆಯದು ಬಾರದು. ಹಿಂದಿರುಗಿಸಲು ಅವಕಾಶವಿರುವ ಕಡೆ ಕೊಳ್ಳುವುದೊಂದೇ ಇದಕ್ಕೆ ಉಪಾಯ. ಐಫೋನುಳ್ಳವರು ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರು ತಮ್ಮ ಫೋನಿಗೆ ಒಗ್ಗುವುದಿಲ್ಲವೆಂಬುದನ್ನೂ, ಬ್ಲೂಟೂತ್ 'ಎಲ್‌ಇ' ಅಥವಾ ವೈಫೈ ಬಗೆಯದೇ ಬೇಕೆಂಬುದನ್ನೂ ನೆನಪಿಡಬೇಕು. ಒಬಿಡಿಲಿಂಕ್ ಮೊದಲಾದ ಒಳ್ಳೆಯ ಅಡಾಪ್ಟರುಗಳಿವೆ. ಆದರೆ ಅವು ಅಗ್ಗವಲ್ಲ.

ಎರಡನೆಯದು, ತಂತಿಯೂ ಸ್ವಂತ ಪರದೆಯೂ ಉಳ್ಳ ಕೈಸ್ಕ್ಯಾನರು. ಸುಮಾರಾಗಿ ಎರಡರಿಂದ ನಾಲ್ಕು ಸಾವಿರ ರೂಪಾಯಿಗಳಲ್ಲಿ ದೊರೆಯುತ್ತದೆ. ಚೀನದ ಷೆನ್‌ಜೆನ್ ನಗರದ ಆಟೆಲ್, ಲಾಂಚ್ ಮೊದಲಾದ ಸಂಸ್ಥೆಗಳ ಕೆಳದರ್ಜೆಯ ಮಾದರಿಗಳು ಈ ವರ್ಗದವು. ವಿದ್ಯುತ್ತನ್ನು ಕಾರಿನಿಂದಲೇ ಪಡೆಯುತ್ತದೆ. ಫೋನು ಬೇಡ, ಆ್ಯಪು ಬೇಡ. ಒಂದೆರಡು ಕಾರುಗಳಿರುವ ಮನೆಗೆ ಇದೇ ಸಾಕೆಂದು ನಮ್ಮ ನಿರ್ಣಯ. ಮೂರನೆಯದಾದ ಟ್ಯಾಬ್ಲೆಟ್ ರೂಪದ ಉಪಕರಣ ಏರ್‌ಬ್ಯಾಗನ್ನೂ ಎಬಿಎಸ್ಸನ್ನೂ ಓದೀತು. ಆದರೆ ತಯಾರಕರ ರಹಸ್ಯಗಳಿಗೆ ವರ್ಷವರ್ಷವೂ ಚಂದಾ ತೆರಬೇಕಾಗುವುದರಿಂದ ಅದು ಗ್ಯಾರೇಜಿನವರಿಗೇ ಸರಿ. ಕೈಸ್ಕ್ಯಾನರಿನಲ್ಲಿಯೂ ತೀರ ಕಡಮೆ ಬೆಲೆಯವು ಸಂಕೇತವನ್ನು ಓದಿ ಅಳಿಸುವುದಕ್ಕಷ್ಟೇ ಸಮರ್ಥವಾಗಿರುತ್ತವೆ. ಮೇಲೆ ಹೇಳಿದ ನಾಲ್ಕೂ ಇವೆಯೇ ಎಂದು ಅಂಗಡಿಯವರನ್ನು ಒಂದೊಂದಾಗಿ ಹೆಸರಿಸಿ ಕೇಳಬೇಕು. ಬಣ್ಣದ ಪರದೆ, ಹತ್ತು ಭಾಷೆಗಳು, ಮೂವತ್ತು ಸಾವಿರ ಸಂಕೇತಗಳ ಕೋಶ ಎಂಬುವಕ್ಕೆ ಬೆಲೆ ಕೊಡಬೇಕಾಗಿಲ್ಲ.

'ಅಳಿಸು' ಎಂಬ ಗುಂಡಿಯನ್ನು ಕುರಿತು ಸ್ವಲ್ಪ ಎಚ್ಚರ ಅವಶ್ಯ. ಅದನ್ನು ಒತ್ತಿದರೆ ಸಂಕೇತದ ಜತೆಗೆ ಫ್ರೀಜ್ ಫ್ರೇಮೂ ರೆಡಿನೆಸ್ ಪಟ್ಟಿಯೂ ನಾಶವಾಗುತ್ತವೆ; ರೋಗ ಇದ್ದಲ್ಲೇ ಇರುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಟಿಪ್ಪಣಿಪುಸ್ತಕದಲ್ಲಿ ತಾರೀಖು, ಓಡಿದ ಕಿಲೋಮೀಟರು ಸಹಿತ ಬರೆದುಕೊಳ್ಳಬೇಕು. ರಿಪೇರಿಗೆ ಮುಂಚೆ ಅಳಿಸಲೇಕೂಡದು. ಹಳದಿ ದೀಪ ಸ್ಥಿರವಾಗಿರದೆ ಮಿನುಗುತ್ತಿದ್ದರೆ, ಸಿಲಿಂಡರಿನಲ್ಲಿ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆಯೆಂದರ್ಥ. ಆಗ ಸ್ಕ್ಯಾನರನ್ನು ಹುಡುಕುತ್ತ ಕೂಡದೆ, ವೇಗ ತಗ್ಗಿಸಿ ಸುರಕ್ಷಿತವಾದೆಡೆ ಕಾರು ನಿಲ್ಲಿಸಬೇಕು. ಅಡಾಪ್ಟರನ್ನು ಸಾಕೆಟ್ಟಿನಲ್ಲಿಯೇ ಬಿಟ್ಟು ಬರುವುದೂ ಸಲ್ಲದು. 16ನೆಯ ಪಿನ್ನಿಗೆ ಬ್ಯಾಟರಿಯ ವಿದ್ಯುತ್ತು ಸದಾ ಬರುತ್ತಿರುವುದರಿಂದ, ಬೇಸಗೆ ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಬರಿದಾಗಿರಬಹುದು.

ರಿಪೇರಿಯಾಗಿ ಬಂದ ಮೇಲೆ ಒಂದು ವಾರ ಎಂದಿನಂತೆ ಕಾರನ್ನು ಓಡಿಸಿ, ಊರಿನ ಒಳಗೂ ಹೆದ್ದಾರಿಯ ಮೇಲೂ ಒಂದೆರಡು ಸಲ ಹೋಗಿಬಂದು, ಸ್ಕ್ಯಾನರನ್ನು ಮತ್ತೊಮ್ಮೆ ಜೋಡಿಸಿ ನೋಡತಕ್ಕದ್ದು. ರೆಡಿನೆಸ್ ಪಟ್ಟಿ ತುಂಬಿ, ದೃಢಪಡದ ಸಂಕೇತಗಳ ಪುಟ ಖಾಲಿಯಾಗಿದ್ದರೆ ಉಪಕರಣವನ್ನು ಡಬ್ಬಿಗೆ ಹಾಕಿಡಬಹುದು.